ಬರವಣಿಗೆಯಲ್ಲಿ ಸಹಪಾಠಿ ಹಿಮ್ಮಾಹಿತಿ

ಸಹಪಾಠಿ ಹಿಮ್ಮಾಹಿತಿ ಎಂದರೆ ಒಂದೇ ಹಂತದಲ್ಲಿ ಕಲಿಯುತ್ತಿರುವವರು ಪರಸ್ಪರರ ಬರಹವನ್ನು ಓದಿ, ಅದರಲ್ಲಿ ತಮಗೆ ಅರ್ಥವಾದದ್ದು, ಅರ್ಥವಾಗದೇ ಉಳಿದದ್ದು ಮತ್ತು ಉತ್ತಮಗೊಳ್ಳಬಹುದಾದದ್ದು ಏನೆಂಬುದನ್ನು ಬರೆದವರಿಗೆ ತಿಳಿಸುವ ಕಲಿಕಾ ವಿಧಾನ. ಶಿಕ್ಷಕರು ಅಂಕ ನೀಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಂಕವು ಮುಗಿದ ಬರಹವನ್ನು ಅಳೆಯುತ್ತದೆ. ಹಿಮ್ಮಾಹಿತಿಯು ಇನ್ನೂ ಮುಗಿಯದ ಬರಹವನ್ನು ಮುಂದಕ್ಕೆ ಕೊಂಡೊಯ್ಯುತ್ತದೆ. ಆದ್ದರಿಂದ ಇದು ಕರಡಿನ ಹಂತದಲ್ಲಿ, ತಿದ್ದಲು ಕಾಲಾವಕಾಶ ಇರುವಾಗ ನಡೆಯಬೇಕಾದ ಕೆಲಸ.

ಪ್ರಬಂಧ, ಪತ್ರಲೇಖನ, ವರದಿ, ಕಥೆ, ಕವಿತೆ ಮೊದಲಾದ ಎಲ್ಲ ಬಗೆಯ ಬರವಣಿಗೆಗೂ ಈ ವಿಧಾನವನ್ನು ಅನ್ವಯಿಸಬಹುದು. ಇದರ ಯಶಸ್ಸು ಭಾಷಾಜ್ಞಾನಕ್ಕಿಂತ ಹೆಚ್ಚಾಗಿ ಆತ್ಮವಿಶ್ವಾಸವನ್ನು ಅವಲಂಬಿಸಿದೆ. ಇನ್ನೊಬ್ಬರ ಬರಹದ ಬಗ್ಗೆ ಮಾತನಾಡಲು ಧೈರ್ಯ ಬೇಕು. ತನ್ನ ಬರಹದ ಬಗ್ಗೆ ಇನ್ನೊಬ್ಬರು ಆಡುವ ಮಾತನ್ನು ಕೇಳಿಸಿಕೊಳ್ಳಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಈ ಲೇಖನವು ವಿಧಾನದ ಹಿನ್ನೆಲೆ, ಸಂಶೋಧನೆಗಳು, ಅಭ್ಯಾಸ ಕ್ರಮ ಮತ್ತು ಮಿತಿಗಳನ್ನು ವಿವರಿಸುತ್ತದೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ (ಟಿ. ನರಸೀಪುರ) ತಾಲ್ಲೂಕುಗಳ ಭಾಷಾಪರಿಸರವನ್ನು ಉದಾಹರಣೆಯಾಗಿ ಬಳಸಿಕೊಳ್ಳಲಾಗಿದೆ.

ಪರಿಭಾಷೆ

ಕನ್ನಡದ ಶಿಕ್ಷಣಶಾಸ್ತ್ರ ಗ್ರಂಥಗಳಲ್ಲಿ ‘ಹಿಮ್ಮಾಹಿತಿ’ ಎಂಬ ಪದವು ರೂಢಿಯಲ್ಲಿದೆ. ಕಲಿಯುವವರು ಮಾಡಿದ ಕೆಲಸದ ಕುರಿತ ಮಾಹಿತಿ ಹಿಂದಿರುಗಿ ಅವರಿಗೇ ತಲುಪುವುದು ಎಂಬುದು ಅದರ ಅರ್ಥ. ‘ವಿಮರ್ಶೆ’, ‘ತಿದ್ದುಪಡಿ’ ಮತ್ತು ‘ಮೌಲ್ಯಮಾಪನ’ ಇದಕ್ಕೆ ಹತ್ತಿರದ ಪದಗಳಾದರೂ ಸಮಾನಾರ್ಥಕಗಳಲ್ಲ. ವಿಮರ್ಶೆಯು ಸಾಮಾನ್ಯವಾಗಿ ಪ್ರಕಟವಾದ ಕೃತಿಯ ಬಗ್ಗೆ ಓದುಗರಿಗೆ ಹೇಳುವ ಮಾತು. ತಿದ್ದುಪಡಿಯಲ್ಲಿ ಓದಿದವರೇ ಬರಹವನ್ನು ಬದಲಿಸುತ್ತಾರೆ. ಮೌಲ್ಯಮಾಪನವು ಅಂಕ ಅಥವಾ ಶ್ರೇಣಿಯಲ್ಲಿ ಕೊನೆಗೊಳ್ಳುತ್ತದೆ. ಹಿಮ್ಮಾಹಿತಿಯಲ್ಲಿ ಓದಿದವರು ತಮ್ಮ ಓದಿನ ಅನುಭವವನ್ನು ತಿಳಿಸುತ್ತಾರೆ. ಬದಲಾವಣೆಯ ನಿರ್ಧಾರ ಬರೆದವರ ಕೈಯಲ್ಲಿಯೇ ಉಳಿಯುತ್ತದೆ.

ಹಿನ್ನೆಲೆ

ಬರೆದವರಿಗೆ ತಮ್ಮ ದೋಷ ಕಾಣುವುದಿಲ್ಲ, ಆದ್ದರಿಂದ ಇನ್ನೊಬ್ಬರು ನೋಡಬೇಕು ಎಂಬ ತಿಳಿವಳಿಕೆ ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತನ್ನ ಮೊದಲ ಪರಿಚ್ಛೇದದಲ್ಲಿ ಕಾವ್ಯದ ದೋಷಾದೋಷಗಳನ್ನು ಚರ್ಚಿಸುತ್ತದೆ. ಕಣ್ಣಿಗೆ ಹಚ್ಚಿದ ಕಾಡಿಗೆಯು ಆ ಕಣ್ಣಿಗೇ ಕಾಣದಿರುವಂತೆ ಕವಿಗೆ ತನ್ನ ತಪ್ಪು ಕಾಣದು ಎಂಬ ಹೋಲಿಕೆ ಆ ಗ್ರಂಥದಲ್ಲಿದೆ. ಬರಹದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು ಎಂದು ಓಲೆಗರಿಯ ಪ್ರತಿಕಾರರು ಕೊನೆಯಲ್ಲಿ ಬರೆಯುತ್ತಿದ್ದುದೂ ಇದೇ ತಿಳಿವಳಿಕೆಯ ಇನ್ನೊಂದು ರೂಪ.

ಕೂಲಿಮಠಗಳ ಕಾಲದಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಮುಂದಿನ ಪಾಠದವರು ಹಿಂದಿನವರಿಗೆ ನೆರವಾಗುವುದು ದಕ್ಷಿಣ ಭಾರತದ ಇಂತಹ ಶಾಲೆಗಳಲ್ಲಿ ಕಂಡುಬರುತ್ತಿತ್ತು. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆ್ಯಂಡ್ರ್ಯೂ ಬೆಲ್ ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನೂ ರೂಪಿಸಿ, 1797ರಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ಈ ಕ್ರಮವು ಇಂಗ್ಲೆಂಡಿನಲ್ಲಿ ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಆಧುನಿಕ ಕನ್ನಡ ಸಾಹಿತ್ಯದ ಬೆಳವಣಿಗೆಯಲ್ಲಿಯೂ ಸ್ನೇಹಿತರ ಮತ್ತು ಹಿರಿಯರ ಓದು ಮಹತ್ವದ ಪಾತ್ರ ವಹಿಸಿದೆ. 1920ರ ದಶಕದಲ್ಲಿ ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಬೆಳೆದ ‘ಗೆಳೆಯರ ಗುಂಪು’ ಇದಕ್ಕೆ ಉತ್ತಮ ನಿದರ್ಶನ. ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಶಂ.ಬಾ. ಜೋಶಿ ಮೊದಲಾದವರು ಈ ಬಳಗದಲ್ಲಿದ್ದರು. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಆರಂಭದಲ್ಲಿ ಇಂಗ್ಲಿಷಿನಲ್ಲಿ ಕವಿತೆಗಳನ್ನು ರಚಿಸುತ್ತಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅವುಗಳನ್ನು ತೋರಿಸಿದಾಗ, ತಮ್ಮ ಭಾಷೆಯಲ್ಲಿ ಬರೆಯುವಂತೆ ಅವರು ಸಲಹೆ ನೀಡಿದರು. ಆ ಸಲಹೆ ತರುಣ ಕವಿಗೆ ಮೊದಲು ನಿರಾಸೆ ತಂದಿತಾದರೂ ಅನಂತರದ ಅವರ ದಾರಿಯನ್ನು ಅದು ಬದಲಿಸಿತು. ಮುಂದೆ ಅವರಿಗೆ ಗುರುವಾಗಿ, ಮೆಚ್ಚಿ ಬೆಳೆಸಿದವರು ಟಿ.ಎಸ್. ವೆಂಕಣ್ಣಯ್ಯ. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವು ಅವರಿಗೆ ಅರ್ಪಿತವಾಗಿದೆ. ಕೇಳುವಾಗ ಕಹಿಯೆನಿಸಿದ ಮಾತೂ ಬರೆಯುವವರ ಹಿತಕ್ಕೆ ಒದಗಬಹುದು ಎಂಬುದಕ್ಕೆ ಮೊದಲನೆಯದು ಸಾಕ್ಷಿಯಾದರೆ, ಮೆಚ್ಚುಗೆಯ ಓದುಗರೊಬ್ಬರು ಎಷ್ಟು ದೂರ ಕರೆದೊಯ್ಯಬಲ್ಲರು ಎಂಬುದಕ್ಕೆ ಎರಡನೆಯದು ಸಾಕ್ಷಿ.

ನಂಜನಗೂಡು ಮತ್ತು ಟಿ. ನರಸೀಪುರದ ಸಂದರ್ಭ

ಕಪಿಲಾ (ಕಬಿನಿ) ನದಿಯ ದಡದಲ್ಲಿರುವ ನಂಜನಗೂಡು ಮತ್ತು ಕಪಿಲಾ ನದಿಯು ಕಾವೇರಿಯನ್ನು ಕೂಡುವ ಟಿ. ನರಸೀಪುರ ಒಂದೇ ಭಾಷಾಪರಿಸರಕ್ಕೆ ಸೇರಿದ ನೆರೆಯ ತಾಲ್ಲೂಕುಗಳು. ಬರಹ ಮತ್ತು ಓದುಗರ ಸಂಬಂಧವನ್ನು ಅರಿಯಲು ನಂಜನಗೂಡಿನ ಇಬ್ಬರು ಬರಹಗಾರರ ಬದುಕು ನೆರವಾಗುತ್ತದೆ.

ಮೊದಲನೆಯವರು ನಂಜನಗೂಡು ತಿರುಮಲಾಂಬ (1887–1982). ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ಇವರು ತಂದೆಯ ಪ್ರೋತ್ಸಾಹದಿಂದ ಓದುಬರಹ ಮುಂದುವರಿಸಿದರು. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ‘ಸುಶೀಲೆ’ ಮೊದಲಾದ ಕಾದಂಬರಿಗಳನ್ನು ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಮತ್ತು ‘ಸನ್ಮಾರ್ಗದರ್ಶಿ’ ಪತ್ರಿಕೆಗಳ ಸಂಪಾದಕಿಯಾಗಿದ್ದರು. ಹೊಸಗನ್ನಡದ ಮೊದಲ ಪ್ರಮುಖ ಲೇಖಕಿ, ಪ್ರಕಾಶಕಿ ಮತ್ತು ಪತ್ರಕರ್ತೆಯೆಂದು ಇವರನ್ನು ಗುರುತಿಸಲಾಗುತ್ತದೆ. ಇಷ್ಟೊಂದು ಬರೆದ ಇವರು ದೀರ್ಘ ಜೀವಿತದ ಉತ್ತರಾರ್ಧದಲ್ಲಿ ಬಹುಮಟ್ಟಿಗೆ ಮೌನವಾಗಿ ಉಳಿದರು. ತಮ್ಮ ಕೃತಿಗೆ ಬಂದ ಕಠಿಣ ವಿಮರ್ಶೆಗೂ ಈ ಮೌನಕ್ಕೂ ಇರಬಹುದಾದ ಸಂಬಂಧವನ್ನು ಸ್ತ್ರೀವಾದಿ ವಿಮರ್ಶಕರು ಚರ್ಚಿಸಿದ್ದಾರೆ. ಮೌನದ ಕಾರಣ ಏನೇ ಇರಲಿ, ಆ ಚರ್ಚೆಯು ಎತ್ತುವ ಪ್ರಶ್ನೆ ಶಾಲೆಯ ತರಗತಿಗೂ ಸಲ್ಲುತ್ತದೆ: ಓದಿದವರ ಮಾತು ಬರೆದವರನ್ನು ಮತ್ತೆ ಬರೆಯಲು ಕೂರಿಸುತ್ತದೆಯೇ, ಅಥವಾ ಲೇಖನಿಯನ್ನು ಕೆಳಗಿಡುವಂತೆ ಮಾಡುತ್ತದೆಯೇ?

ಎರಡನೆಯವರು ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಜನಿಸಿದ ದೇವನೂರ ಮಹಾದೇವ. ಇವರ ‘ಕುಸುಮಬಾಲೆ’ (1984) ಈ ಸೀಮೆಯ ದಲಿತ ಸಮುದಾಯಗಳ ಆಡುಮಾತನ್ನು ಕಥನದ ಭಾಷೆಯಾಗಿಸಿಕೊಂಡಿತು. ಶಿಷ್ಟಭಾಷೆಗೆ ಒಗ್ಗಿಕೊಂಡ ಓದುಗರಿಗೆ ಅದು ಸುಲಭವಾಗಿರಲಿಲ್ಲ. 1990ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಶಾಲೆಯಲ್ಲಿ ‘ತಪ್ಪು’ ಎಂದು ಕೆಂಪು ಶಾಯಿಯಿಂದ ಗುರುತಿಸಿಕೊಳ್ಳಬಹುದಾಗಿದ್ದ ನುಡಿಯೇ ಸಾಹಿತ್ಯದಲ್ಲಿ ಶಕ್ತಿಯಾಗಿ ನಿಂತಿತು.

ಸಹಪಾಠಿಗಳ ನೆರವಿನ ಕಲಿಕೆಗೂ ಈ ಜಿಲ್ಲೆಗೂ ನಿಕಟ ಸಂಬಂಧವಿದೆ. ‘ನಲಿ-ಕಲಿ’ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನೊಂದಿಗೆ ಆರಂಭವಾಯಿತು. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ಇದಕ್ಕೆ ಪ್ರೇರಣೆಯಾಗಿತ್ತು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ಇದನ್ನು ವಿಸ್ತರಿಸಲಾಯಿತು. ನಲಿ-ಕಲಿ ತರಗತಿಯಲ್ಲಿ ಮಕ್ಕಳು ‘ತಟ್ಟೆ’ಗಳೆಂದು ಕರೆಯುವ ಐದು ಗುಂಪುಗಳಲ್ಲಿ ಕುಳಿತುಕೊಳ್ಳುತ್ತಾರೆ. ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ ಮತ್ತು ಸ್ವಕಲಿಕೆ ಎಂಬುದು ಅವುಗಳ ಕ್ರಮ. ಐದರಲ್ಲಿ ಎರಡು ಗುಂಪುಗಳು ಗೆಳೆಯರನ್ನೇ ಆಧರಿಸಿವೆ ಎಂಬುದು ಗಮನಾರ್ಹ. ಒಂದನೆಯ ತರಗತಿಯಲ್ಲಿ ಗೆಳೆಯನ ನೆರವನ್ನು ಸಹಜವಾಗಿ ಪಡೆಯುವ ಮಗು ಎಂಟನೆಯ ತರಗತಿಗೆ ಬರುವಾಗ ತನ್ನ ಪುಸ್ತಕವನ್ನು ಕೈಯಿಂದ ಮರೆಮಾಡಿಕೊಂಡು ಬರೆಯುತ್ತದೆ. ನಡುವಿನ ವರ್ಷಗಳಲ್ಲಿ ಬೆಳೆಯುವ ಪೈಪೋಟಿ ಮತ್ತು ನಗೆಪಾಟಲಿನ ಭಯ ಇದಕ್ಕೆ ಮುಖ್ಯ ಕಾರಣಗಳು.

ಶಿಕ್ಷಣ ನೀತಿಯಲ್ಲಿ ಸ್ಥಾನ

ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೆಯ ಸೆಕ್ಷನ್ ಮಗುವನ್ನು ಭಯ, ಆಘಾತ ಮತ್ತು ಆತಂಕಗಳಿಂದ ಮುಕ್ತಗೊಳಿಸಿ, ತನ್ನ ಅಭಿಪ್ರಾಯವನ್ನು ನಿರ್ಭಯವಾಗಿ ಹೇಳಲು ನೆರವಾಗಬೇಕೆಂದು ವಿಧಿಸುತ್ತದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವೂ ಅದೇ ಸೆಕ್ಷನ್ನಿನ ಭಾಗ. ಕರ್ನಾಟಕದ ಶಾಲೆಗಳಲ್ಲಿ ಇದು ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನಗಳಾಗಿ ಜಾರಿಗೆ ಬಂದಿತು. ಕಲಿಕೆ ನಡೆಯುತ್ತಿರುವಾಗಲೇ ಅದನ್ನು ಗಮನಿಸಿ ನೆರವಾಗುವುದು ರೂಪಣಾತ್ಮಕ ಮೌಲ್ಯಮಾಪನದ ಉದ್ದೇಶ. ಸಹಪಾಠಿ ಹಿಮ್ಮಾಹಿತಿ ಈ ಉದ್ದೇಶಕ್ಕೆ ಹೊಂದುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ, 2020 ಪ್ರಗತಿಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದೊಂದಿಗೆ ಸ್ವಮೌಲ್ಯಮಾಪನ ಮತ್ತು ಸಹಪಾಠಿ ಮೌಲ್ಯಮಾಪನಗಳೂ ಇರಬೇಕೆಂದು ಸೂಚಿಸುತ್ತದೆ.

ಸಂಶೋಧನೆಗಳು

ಹಿಮ್ಮಾಹಿತಿಯ ಕುರಿತು ವ್ಯಾಪಕ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಕೆಲವು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ.

ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ‘ಈ ಕೆಲಸ ನನ್ನಿಂದ ಸಾಧ್ಯ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂತಹವರು ಮಾಡುವುದನ್ನು ನೋಡುವುದು, ಇತರರ ಪ್ರೋತ್ಸಾಹದ ಮಾತು ಮತ್ತು ಆ ಹೊತ್ತಿನ ದೇಹ-ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಮೊದಲನೆಯದು ಅತ್ಯಂತ ಪ್ರಬಲವಾದುದು. ಹೀಗಾಗಿ ‘ಧೈರ್ಯವಾಗಿ ಹೇಳು’ ಎಂಬ ಉಪದೇಶಕ್ಕಿಂತ, ಚಿಕ್ಕದೊಂದು ಹಿಮ್ಮಾಹಿತಿಯನ್ನು ನೀಡಿ ಅದರಿಂದ ಗೆಳತಿಯ ಬರಹ ಉತ್ತಮಗೊಂಡುದನ್ನು ಕಣ್ಣಾರೆ ಕಾಣುವುದು ಹೆಚ್ಚು ಧೈರ್ಯ ನೀಡುತ್ತದೆ.

ಡಿ. ರಾಯ್ಸ್ ಸ್ಯಾಡ್ಲರ್ 1989ರಲ್ಲಿ ಹಿಮ್ಮಾಹಿತಿ ಫಲಿಸಲು ಮೂರು ಷರತ್ತುಗಳನ್ನು ಸೂಚಿಸಿದರು. ಉತ್ತಮ ಬರಹ ಹೇಗಿರುತ್ತದೆ ಎಂಬುದು ಕಲಿಯುವವರಿಗೆ ತಿಳಿದಿರಬೇಕು. ತಮ್ಮ ಬರಹವನ್ನು ಅದರೊಂದಿಗೆ ಹೋಲಿಸಲು ಬರಬೇಕು. ಅಂತರವನ್ನು ತುಂಬಲು ಏನಾದರೂ ಮಾಡಬೇಕು. ಮೂರನೆಯದು ನಡೆಯದಿದ್ದರೆ ಹೇಳಿದ ಮಾತು ಪುಟದ ಅಂಚಿನಲ್ಲಿಯೇ ಉಳಿಯುತ್ತದೆ.

ಎಲ್ಲ ಹಿಮ್ಮಾಹಿತಿಯೂ ಒಳಿತು ಮಾಡುವುದಿಲ್ಲ. ಅವ್ರಹಾಮ್ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ 1996ರಲ್ಲಿ ಹಿಂದಿನ ಅಧ್ಯಯನಗಳ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಸರಾಸರಿಯಲ್ಲಿ ಹಿಮ್ಮಾಹಿತಿ ಉಪಯುಕ್ತವೆಂದು ಕಂಡರೂ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಅದು ಸಾಧನೆಯನ್ನು ಕುಗ್ಗಿಸಿತ್ತು. ಮಾತು ಕೆಲಸದ ಮೇಲಿರದೆ ವ್ಯಕ್ತಿಯ ಮೇಲೆ ತಿರುಗಿದಷ್ಟೂ ಫಲ ಕಡಿಮೆ ಎಂಬುದು ಅವರ ವಿವರಣೆ.

ಕ್ರಿಸ್ಟಿ ಲಂಡ್‌ಸ್ಟ್ರಾಮ್ ಮತ್ತು ವೆಂಡಿ ಬೇಕರ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದ 91 ವಿದ್ಯಾರ್ಥಿಗಳಿದ್ದರು. ಒಂದು ಪಂಗಡ ಹಿಮ್ಮಾಹಿತಿ ನೀಡುವುದನ್ನು ಮಾತ್ರ ಕಲಿಯಿತು. ಇನ್ನೊಂದು ಪಂಗಡ ಪಡೆದ ಹಿಮ್ಮಾಹಿತಿಯನ್ನು ಬಳಸುವುದನ್ನು ಮಾತ್ರ ಕಲಿಯಿತು. ನೀಡಿದವರ ಸ್ವಂತ ಬರವಣಿಗೆ ಪಡೆದವರ ಬರವಣಿಗೆಗಿಂತ ಹೆಚ್ಚು ಸುಧಾರಿಸಿತು. ಇನ್ನೊಬ್ಬರ ಬರಹದಲ್ಲಿ ದೋಷ ಹುಡುಕಿದ ಕಣ್ಣು ತನ್ನ ಬರಹದಲ್ಲಿಯೂ ಅದನ್ನು ಕಾಣಲು ಕಲಿಯುತ್ತದೆ. ಆದ್ದರಿಂದ ಗೆಳೆಯರ ಬರಹ ಓದಲು ಕಳೆದ ಸಮಯ ವ್ಯರ್ಥವೆಂಬ ಭಾವನೆಗೆ ಆಧಾರವಿಲ್ಲ.

ಹಿಂಜರಿಕೆಯ ಕಾರಣಗಳು

ಹಿಮ್ಮಾಹಿತಿ ನೀಡಲು ವಿದ್ಯಾರ್ಥಿಗಳು ಹಿಂಜರಿಯುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿವೆ. ‘ನನಗೇ ಸರಿಯಾಗಿ ಬರೆಯಲು ಬಾರದು, ಇನ್ನೊಬ್ಬರಿಗೆ ಏನು ಹೇಳಲಿ?’ ಎಂಬ ಸಂಕೋಚ ಮೊದಲನೆಯದು. ಸ್ನೇಹ ಕೆಡುವ ಭಯ ಎರಡನೆಯದು. ತಪ್ಪು ಹುಡುಕುವುದು ಮೇಷ್ಟ್ರ ಕೆಲಸ ಎಂಬ ರೂಢಿಯ ನಂಬಿಕೆ ಮೂರನೆಯದು. ಇವುಗಳಲ್ಲಿ ಮೊದಲನೆಯ ಸಂಕೋಚಕ್ಕೆ ಉತ್ತರ ಸರಳ. ಹಿಮ್ಮಾಹಿತಿ ನೀಡಲು ಉತ್ತಮ ಬರಹಗಾರರಾಗಿರಬೇಕಾಗಿಲ್ಲ, ಪ್ರಾಮಾಣಿಕ ಓದುಗರಾಗಿದ್ದರೆ ಸಾಕು. ‘ಇಲ್ಲಿ ನನಗೆ ಅರ್ಥವಾಗಲಿಲ್ಲ’ ಎನ್ನಲು ವ್ಯಾಕರಣದ ಪಾಂಡಿತ್ಯ ಬೇಡ. ಅಡುಗೆ ಮಾಡಲು ಬಾರದವರಿಗೂ ಸಾರಿಗೆ ಉಪ್ಪು ಕಡಿಮೆಯಾದುದು ನಾಲಿಗೆಗೆ ತಿಳಿಯುತ್ತದೆ.

ಪಡೆಯುವವರ ಭಯದ ಮೂಲ ಬೇರೆ. ಬರಹದ ಬಗ್ಗೆ ಆಡಿದ ಮಾತನ್ನು ಅವರು ತಮ್ಮ ಬಗ್ಗೆ, ತಮ್ಮ ಮನೆಯ ಬಗ್ಗೆ, ತಮ್ಮ ಊರಿನ ಬಗ್ಗೆ ಆಡಿದ ಮಾತೆಂದು ಕೇಳಿಸಿಕೊಳ್ಳುತ್ತಾರೆ. ಹಳ್ಳಿಯಿಂದ ಪಟ್ಟಣದ ಪ್ರೌಢಶಾಲೆಗೆ ಬಂದ ಮಕ್ಕಳಲ್ಲಿ ಇದು ತೀವ್ರವಾಗಿರುತ್ತದೆ. ಹಳೆಯ ಮೈಸೂರು ಸೀಮೆಯ ಗ್ರಾಮೀಣ ನುಡಿಯಲ್ಲಿ ಪದದ ಆರಂಭದ ಹಕಾರ ಬಿಟ್ಟುಹೋಗುವುದು ಸಾಮಾನ್ಯ. ‘ಹಾಲು’ ‘ಆಲು’ ಆಗುತ್ತದೆ, ‘ಹೊಲ’ ‘ಒಲ’ ಆಗುತ್ತದೆ. ‘ಬಿಡು’ ಎಂಬುದನ್ನು ‘ಬುಡು’ ಎನ್ನುತ್ತಾರೆ. ಮಾತಿನ ಈ ರೂಪ ಬರಹಕ್ಕೆ ಇಳಿದಾಗ ತರಗತಿಯಲ್ಲಿ ನಗು ಏಳುತ್ತದೆ. ಒಮ್ಮೆ ನಗೆಗೀಡಾದ ಮಗು ಮುಂದಿನ ಸಲ ತನ್ನ ಅನುಭವ ಬರೆಯುವುದನ್ನು ಬಿಟ್ಟು ಗೈಡಿನ ಪ್ರಬಂಧವನ್ನು ಬಾಯಿಪಾಠ ಮಾಡಿ ಬರೆಯುತ್ತದೆ. ಅದರಲ್ಲಿ ತಪ್ಪಿರುವುದಿಲ್ಲ, ಆ ಮಗುವೂ ಇರುವುದಿಲ್ಲ.

ಹಿಮ್ಮಾಹಿತಿ ನೀಡುವ ಕ್ರಮ

ಅಮೆರಿಕದ ಶಿಕ್ಷಕ ರಾನ್ ಬರ್ಗರ್ ತರಗತಿಗೆ ಮೂರು ನಿಯಮಗಳನ್ನು ರೂಪಿಸಿದ್ದಾರೆ: ಮಾತು ಸೌಜನ್ಯದಿಂದ ಕೂಡಿರಬೇಕು, ನಿರ್ದಿಷ್ಟವಾಗಿರಬೇಕು, ನೆರವಾಗುವಂತಿರಬೇಕು. ಇವುಗಳನ್ನು ಆಧರಿಸಿ ಕನ್ನಡ ತರಗತಿಯಲ್ಲಿ ಈ ಮುಂದಿನ ಹಂತಗಳನ್ನು ಅನುಸರಿಸಬಹುದು.

1. ಬರಹವನ್ನು ಎರಡು ಬಾರಿ ಓದುವುದು. ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ನು ಇರಬಾರದು. ಪೆನ್ನು ಇದ್ದರೆ ಕಣ್ಣು ಕಾಗುಣಿತದ ತಪ್ಪಿನ ಹಿಂದೆ ಹೋಗಿ, ಬರಹದ ಅರ್ಥ ಹಿಂದುಳಿಯುತ್ತದೆ.

2. ಬರೆದವರು ಹೇಳಹೊರಟಿದ್ದು ಏನೆಂದು ಒಂದು ವಾಕ್ಯದಲ್ಲಿ ಹೇಳುವುದು. ಬರೆದವರ ಉದ್ದೇಶಕ್ಕೂ ಈ ವಾಕ್ಯಕ್ಕೂ ಹೊಂದಿಕೆಯಾಗದಿದ್ದರೆ, ತಿದ್ದಬೇಕಾದ ಮೊದಲ ಸ್ಥಳ ಅಲ್ಲಿಯೇ ದೊರೆಯಿತು.

3. ಮನಸ್ಸಿನಲ್ಲಿ ಉಳಿದ ಒಂದು ಸಾಲನ್ನು ಗುರುತಿಸಿ, ಅದು ಏಕೆ ಉಳಿಯಿತೆಂದು ಹೇಳುವುದು. ‘ಚೆನ್ನಾಗಿದೆ’ ಎಂಬ ಬರಿಯ ಮಾತು ಹಿಮ್ಮಾಹಿತಿಯಲ್ಲ.

4. ಅರ್ಥವಾಗದ ಒಂದು ಸ್ಥಳವನ್ನು ಪ್ರಶ್ನೆಯ ರೂಪದಲ್ಲಿ ಕೇಳುವುದು. ಪ್ರಶ್ನೆಯು ಬರೆದವರನ್ನು ಯೋಚನೆಗೆ ಹಚ್ಚುತ್ತದೆ. ತೀರ್ಪು ಸಮರ್ಥನೆಗೆ ಹಚ್ಚುತ್ತದೆ.

5. ಒಂದು ಸಲಹೆ ನೀಡುವುದು. ಹತ್ತು ಸಲಹೆಗಳು ಒಟ್ಟಿಗೆ ಬಂದರೆ ಯಾವುದನ್ನೂ ಪಾಲಿಸಲಾಗದು.

6. ಕಾಗುಣಿತ, ವಿರಾಮಚಿಹ್ನೆ ಮತ್ತು ವ್ಯಾಕರಣವನ್ನು ಕೊನೆಗೆ ನೋಡುವುದು. ತೆಗೆದುಹಾಕಬೇಕಾದ ವಾಕ್ಯದ ಕಾಗುಣಿತ ತಿದ್ದಿ ಪ್ರಯೋಜನವಿಲ್ಲ.

ಮಾತಿನ ಕರ್ತೃಪದವೂ ಮುಖ್ಯ. ‘ನೀನು ಸರಿಯಾಗಿ ಬರೆದಿಲ್ಲ’ ಎಂಬ ಮಾತಿನ ಗುರಿ ಬರೆದ ವ್ಯಕ್ತಿ. ‘ಎರಡನೆಯ ಪ್ಯಾರಾದಲ್ಲಿ ನನಗೆ ದಾರಿ ತಪ್ಪಿತು’ ಎಂಬ ಮಾತು ಓದಿನ ಅನುಭವವನ್ನು ಹೇಳುತ್ತದೆ. ಮೊದಲನೆಯದನ್ನು ಅಲ್ಲಗಳೆಯಬಹುದು, ಎರಡನೆಯದನ್ನು ಅಲ್ಲಗಳೆಯಲು ಬರುವುದಿಲ್ಲ, ಏಕೆಂದರೆ ದಾರಿ ತಪ್ಪಿದ್ದು ನಿಜ.

ಹಿಮ್ಮಾಹಿತಿ ಪಡೆಯುವ ಕ್ರಮ

ಪಡೆಯುವುದೂ ಕಲಿಯಬೇಕಾದ ಕೌಶಲವೇ. ಬರಹವನ್ನು ಕೊಡುವಾಗಲೇ ಏನು ಬೇಕೆಂದು ಕೇಳುವುದು ಅದರ ಮೊದಲ ಹೆಜ್ಜೆ. ‘ಹೇಗಿದೆ ನೋಡು’ ಎನ್ನುವುದಕ್ಕಿಂತ ‘ಕೊನೆಯ ಭಾಗ ಅವಸರವಾಗಿದೆಯೇ, ನೋಡು’ ಎಂದು ಕೇಳಿದರೆ ಉಪಯುಕ್ತ ಉತ್ತರ ದೊರೆಯುತ್ತದೆ. ಹೀಗೆ ಕೇಳಿದಾಗ ಬರೆದವರೇ ಮಾತುಕತೆಯ ದಾರಿಯನ್ನು ನಿರ್ಧರಿಸಿದಂತಾಗಿ ಭಯವೂ ತಗ್ಗುತ್ತದೆ.

ಕೇಳುವಾಗ ನಡುವೆ ಸಮರ್ಥನೆ ನೀಡದಿರುವುದು ಎರಡನೆಯ ಹೆಜ್ಜೆ. ‘ನಾನು ಹೇಳಬೇಕೆಂದಿದ್ದು ಅದಲ್ಲ’ ಎಂದು ಬಾಯಿಂದ ವಿವರಿಸಬೇಕಾಗಿ ಬಂದರೆ, ಆ ವಿವರಣೆ ಬರಹದೊಳಗೆ ಇರಬೇಕಾಗಿತ್ತು ಎಂದು ಅರ್ಥ. ಹೇಳಿದ್ದನ್ನು ಚುಟುಕಾಗಿ ಬರೆದುಕೊಂಡು, ಸಾಧ್ಯವಾದರೆ ಮರುದಿನ ಓದುವುದು ಒಳ್ಳೆಯದು. ಬಿಸಿಯಲ್ಲಿ ಕೇಳಿದ ಮಾತು ಆರಿದ ಮೇಲೆ ಬೇರೆಯಾಗಿ ಕೇಳಿಸುತ್ತದೆ.

ಆಯ್ದುಕೊಳ್ಳುವುದು ಮೂರನೆಯ ಹೆಜ್ಜೆ. ಬಂದ ಸಲಹೆಗಳನ್ನು ‘ಒಪ್ಪಿದ್ದು’, ‘ಒಪ್ಪದ್ದು’, ‘ಇನ್ನೂ ಯೋಚಿಸಬೇಕಾದದ್ದು’ ಎಂದು ಮೂರು ಭಾಗ ಮಾಡಬಹುದು. ಒಪ್ಪದ್ದಕ್ಕೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಎಲ್ಲವನ್ನೂ ಒಪ್ಪುವುದು ವಿನಯವಲ್ಲ. ಅದು ಬರಹದ ಹೊಣೆಯನ್ನು ಇನ್ನೊಬ್ಬರಿಗೆ ವಹಿಸುವುದು. ಇಬ್ಬರು ಅಥವಾ ಮೂವರು ಓದುಗರು ಒಂದೇ ಸ್ಥಳದಲ್ಲಿ ಎಡವಿದ್ದರೆ ಮಾತ್ರ ಆ ಸ್ಥಳವನ್ನು ಖಂಡಿತವಾಗಿ ಮತ್ತೆ ನೋಡಬೇಕು.

ಉದಾಹರಣೆ

ಮೇಲಿನ ಕ್ರಮವನ್ನು ವಿವರಿಸಲು ಒಂದು ಕಲ್ಪಿತ ಉದಾಹರಣೆಯನ್ನು ಇಲ್ಲಿ ನೀಡಲಾಗಿದೆ. ನಂಜನಗೂಡಿನ ಪ್ರೌಢಶಾಲಾ ವಿದ್ಯಾರ್ಥಿನಿಯೊಬ್ಬಳು ‘ನಮ್ಮ ಊರಿನ ನದಿ’ ಎಂಬ ವಿಷಯದ ಮೇಲೆ ಹೀಗೆ ಕರಡು ಬರೆದಿದ್ದಾಳೆಂದು ಭಾವಿಸಬಹುದು:

“ಕಪಿಲಾ ನಮ್ಮ ಊರಿನ ಜೀವನದಿ. ಮಳೆಗಾಲದಲ್ಲಿ ನದಿ ತುಂಬಿ ಹರಿಯುತ್ತದೆ. ಪ್ರವಾಹ ಬಂದಾಗ ಜನರಿಗೆ ಬಹಳ ತೊಂದರೆಯಾಗುತ್ತದೆ. ನಾವು ನದಿಯನ್ನು ರಕ್ಷಿಸಬೇಕು.”

ಇದರಲ್ಲಿ ಕಾಗುಣಿತದ ತಪ್ಪಿಲ್ಲ. ‘ಚೆನ್ನಾಗಿದೆ’ ಎಂದು ಹೇಳಿ ಹಿಂತಿರುಗಿಸಬಹುದು. ‘ಎಲ್ಲರೂ ಬರೆಯುವುದೇ ಇದು’ ಎಂದು ಮೂದಲಿಸಬಹುದು. ಎರಡರಿಂದಲೂ ಬರಹ ಮುಂದೆ ಸಾಗದು. ತರಬೇತಿ ಪಡೆದ ಸಹಪಾಠಿ ಹೀಗೆ ಕೇಳಬಹುದು: “ಇದು ಬೇರೆ ಯಾವ ಊರಿನ ನದಿಗೂ ಹೊಂದುತ್ತದಲ್ಲ. ‘ತುಂಬಿ ಹರಿಯುತ್ತದೆ’ ಅಂತ ಬರೆದಿದ್ದೀಯ, ನೀರು ಎಲ್ಲಿಯವರೆಗೆ ಬಂದಿತ್ತು? ಆವತ್ತು ನೀನು ಎಲ್ಲಿದ್ದೆ? ತೊಂದರೆ ಆಯಿತು ಅಂದರೆ ಯಾರಿಗೆ, ಏನಾಯಿತು?”

ಈ ಪ್ರಶ್ನೆಗಳಿಗೆ ಉತ್ತರಿಸುತ್ತ ಬರೆದ ಎರಡನೆಯ ಕರಡು ಹೀಗಿರಬಹುದು:

“ಬೆಳಿಗ್ಗೆ ನೋಡಿದಾಗ ಸ್ನಾನಘಟ್ಟದ ಮೆಟ್ಟಿಲುಗಳು ಕಾಣಲಿಲ್ಲ. ಸಂಜೆಯ ಹೊತ್ತಿಗೆ ಹದಿನಾರು ಕಾಲು ಮಂಟಪದ ಕಂಬಗಳೂ ಮುಳುಗಿದವು. ಮೈಸೂರು ರಸ್ತೆಯ ಮೇಲೆ ನೀರು ಬಂದು ಬಸ್ಸು ನಿಂತಿತು. ಕೆಲಸಕ್ಕೆ ಹೋಗಿದ್ದ ಅಪ್ಪ ಅಂದು ಮನೆಗೆ ಬರಲಿಲ್ಲ. ಅಜ್ಜಿ ಬಾಗಿಲಲ್ಲೇ ಕುಳಿತು ‘ಗಂಗಮ್ಮ ಬಂದವಳು ಓಗ್ತಾಳೆ ಬುಡು ಮಗಾ’ ಅಂದಳು.”

ಮೊದಲ ಕರಡಿನಲ್ಲಿ ಇಲ್ಲದ ಊರು, ಮನೆ ಮತ್ತು ಭಯ ಎರಡನೆಯದರಲ್ಲಿ ಬಂದಿವೆ. ಸಹಪಾಠಿ ಒಂದು ವಾಕ್ಯವನ್ನೂ ಬರೆದುಕೊಟ್ಟಿಲ್ಲ. ಪ್ರಶ್ನೆಗಳನ್ನು ಮಾತ್ರ ಕೇಳಿದ್ದಾನೆ. ಹಾಗೆಯೇ ಟಿ. ನರಸೀಪುರದ ವಿದ್ಯಾರ್ಥಿಗಳು 1989ರಿಂದ ತ್ರಿವೇಣಿ ಸಂಗಮದಲ್ಲಿ ನಡೆಯುತ್ತಿರುವ ಕುಂಭಮೇಳ, ತಲಕಾಡಿನ ಮರಳು ಅಥವಾ ಸೋಮನಾಥಪುರದ ದೇವಾಲಯದ ಬಗ್ಗೆ ಬರೆಯುವಾಗಲೂ ‘ಪುಸ್ತಕದಲ್ಲಿ ಇಲ್ಲದ ಏನನ್ನು ನೀನು ಅಲ್ಲಿ ಕಂಡೆ?’ ಎಂಬ ಒಂದೇ ಪ್ರಶ್ನೆ ಬಹಳಷ್ಟು ಕೆಲಸ ಮಾಡುತ್ತದೆ.

ಆಡುನುಡಿಯ ಪ್ರಶ್ನೆ

ಮೇಲಿನ ಉದಾಹರಣೆಯ ಅಜ್ಜಿಯ ಮಾತನ್ನು ‘ಹೋಗುತ್ತಾಳೆ ಬಿಡು ಮಗು’ ಎಂದು ತಿದ್ದಬೇಕೇ? ಸಹಪಾಠಿ ಹಿಮ್ಮಾಹಿತಿಯಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆಯಿದು. ಪಾತ್ರದ ಬಾಯಿಯ ಮಾತು, ಗಾದೆ ಮತ್ತು ಊರಿನ ವಿಶಿಷ್ಟ ಪದಗಳನ್ನು ಹಾಗೆಯೇ ಉಳಿಸಬೇಕು. ನಿರೂಪಣೆಯ ಭಾಷೆ ಯಾವುದಿರಬೇಕೆಂಬುದನ್ನು ಬರಹದ ಉದ್ದೇಶ ನಿರ್ಧರಿಸುತ್ತದೆ. ತಹಶೀಲ್ದಾರರಿಗೆ ಬರೆಯುವ ಮನವಿಯಲ್ಲಿ ಅಥವಾ ಪರೀಕ್ಷೆಯ ಉತ್ತರದಲ್ಲಿ ಶಿಷ್ಟರೂಪ ಬೇಕು. ಕಥೆಯಲ್ಲಿ ಅದು ಕಡ್ಡಾಯವಲ್ಲ. ಹೀಗಾಗಿ ‘ಇದು ತಪ್ಪು’ ಎನ್ನುವ ಬದಲು ‘ಇದನ್ನು ಬೇಕೆಂದೇ ಹೀಗೆ ಬರೆದೆಯಾ?’ ಎಂದು ಕೇಳುವುದು ಸೂಕ್ತ. ಬೇಕೆಂದೇ ಬರೆದಿದ್ದರೆ ಅದು ಶೈಲಿ. ಅರಿಯದೆ ಬರೆದಿದ್ದರೆ ಕಲಿಯಲು ಅವಕಾಶ. ಕನ್ನಡ ಮನೆಮಾತಲ್ಲದ ಮಕ್ಕಳಿರುವ ತರಗತಿಗಳಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ.

ಶಿಕ್ಷಕರ ಪಾತ್ರ

ಈ ವಿಧಾನದಲ್ಲಿ ಶಿಕ್ಷಕರ ಕೆಲಸ ಕಡಿಮೆಯಾಗುವುದಿಲ್ಲ, ಅದರ ಸ್ವರೂಪ ಬದಲಾಗುತ್ತದೆ. ಆರಂಭದಲ್ಲಿ ತರಗತಿಯ ಯಾವ ಮಗುವಿನದೂ ಅಲ್ಲದ ಒಂದು ಬರಹವನ್ನು ಕಪ್ಪುಹಲಗೆಯ ಮೇಲೆ ಬರೆದು, ಎಲ್ಲರೂ ಸೇರಿ ಹಿಮ್ಮಾಹಿತಿ ನೀಡುವ ಅಭ್ಯಾಸ ಮಾಡಿಸಬೇಕು. ಶಿಕ್ಷಕರು ತಮ್ಮದೇ ಕರಡನ್ನು ಮಕ್ಕಳ ಮುಂದಿಟ್ಟು ‘ಎಲ್ಲಿ ಅರ್ಥವಾಗಲಿಲ್ಲ, ಹೇಳಿ’ ಎಂದು ಕೇಳುವುದು ಇನ್ನೂ ಪರಿಣಾಮಕಾರಿ. ಮೇಷ್ಟ್ರೇ ಕೇಳಿಸಿಕೊಂಡು ತಿದ್ದಿಕೊಳ್ಳುವುದನ್ನು ಕಂಡ ಮಕ್ಕಳಿಗೆ ತಿದ್ದಿಸಿಕೊಳ್ಳುವುದು ಅವಮಾನವಲ್ಲವೆಂಬುದು ಮನದಟ್ಟಾಗುತ್ತದೆ.

ಅನಂತರ ಇಬ್ಬಿಬ್ಬರ ಜೋಡಿ, ಆಮೇಲೆ ಮೂರು-ನಾಲ್ಕು ಮಂದಿಯ ಗುಂಪು ಎಂಬ ಕ್ರಮದಲ್ಲಿ ಮುಂದುವರಿಯಬಹುದು. ಜೋಡಿಗಳನ್ನು ಕಾಲಕಾಲಕ್ಕೆ ಬದಲಿಸುವುದು, ಒಂದೇ ಊರಿನ ಅಥವಾ ಒಂದೇ ಕೇರಿಯ ಮಕ್ಕಳು ಮಾತ್ರ ಒಟ್ಟಾಗದಂತೆ ನೋಡಿಕೊಳ್ಳುವುದು, ಮತ್ತು ಬರಹ ಗಟ್ಟಿಯಾಗಿ ಓದುವಾ‌ಗ ನಗುವುದಕ್ಕೆ ಆಸ್ಪದ ನೀಡದಿರುವುದು ಶಿಕ್ಷಕರ ಹೊಣೆ. ನಲವತ್ತು ನಿಮಿಷಗಳ ಒಂದು ಅವಧಿಯಲ್ಲಿ ಹತ್ತು ನಿಮಿಷ ಓದು, ಹದಿನೈದು ನಿಮಿಷ ಮಾತುಕತೆ, ಉಳಿದ ಹದಿನೈದು ನಿಮಿಷ ತಿದ್ದಿ ಬರೆಯುವುದು ಎಂದು ಹಂಚಿಕೊಳ್ಳಬಹುದು. ಕೊನೆಯ ಭಾಗವನ್ನು ಕೈಬಿಡಬಾರದು. ಶಾಲೆಯ ಕೈಬರಹ ಪತ್ರಿಕೆ ಅಥವಾ ಗೋಡೆ ಪತ್ರಿಕೆಯಲ್ಲಿ ಮೊದಲ ಮತ್ತು ಅಂತಿಮ ಕರಡುಗಳನ್ನು ಬರೆದವರ ಒಪ್ಪಿಗೆಯೊಂದಿಗೆ ಅಕ್ಕಪಕ್ಕದಲ್ಲಿ ಪ್ರಕಟಿಸಿ, ನೆರವಾದ ಸಹಪಾಠಿಯ ಹೆಸರನ್ನೂ ಸೇರಿಸುವುದು ಇಬ್ಬರಿಗೂ ಗೌರವ ತರುತ್ತದೆ.

ಮಿತಿಗಳು ಮತ್ತು ಟೀಕೆಗಳು

ಸಹಪಾಠಿಗಳು ತಪ್ಪು ಸಲಹೆ ನೀಡಬಹುದು. ಸರಿಯಾದ ‘ಶ’, ‘ಷ’ಗಳನ್ನು ತಿದ್ದಿ ತಪ್ಪಾಗಿಸುವುದೂ ಉಂಟು. ನಿಘಂಟನ್ನು ನೋಡಿ ಖಚಿತಪಡಿಸಿಕೊಳ್ಳುವ ಅಭ್ಯಾಸ ಇದಕ್ಕೆ ಪರಿಹಾರ. ಸ್ನೇಹದಿಂದ ಹೊಗಳುವುದು, ಮುನಿಸಿನಿಂದ ತೆಗಳುವುದು, ಜಾತಿ, ಲಿಂಗ ಮತ್ತು ಸ್ಥಾನಮಾನಗಳ ಭೇದಗಳು ಓದಿನೊಳಗೆ ನುಸುಳುವುದು ಇನ್ನೊಂದು ಮಿತಿ. ಈ ಕಾರಣದಿಂದ ಸಹಪಾಠಿಗಳು ಅಂತಿಮ ಅಂಕ ನೀಡುವುದನ್ನು ಹಲವರು ವಿರೋಧಿಸುತ್ತಾರೆ. ಹಿಮ್ಮಾಹಿತಿಯನ್ನು ಅಂಕದಿಂದ ಬೇರ್ಪಡಿಸಿದಾಗ ಈ ಸಮಸ್ಯೆಗಳು ಪೂರ್ಣವಾಗಿ ಮಾಯವಾಗದಿದ್ದರೂ ಗಣನೀಯವಾಗಿ ತಗ್ಗುತ್ತವೆ.

ಮಕ್ಕಳ ಸಂಖ್ಯೆ ಹೆಚ್ಚಿರುವ ತರಗತಿ, ಮುಗಿಸಬೇಕಾದ ಪಠ್ಯಭಾಗ ಮತ್ತು ಪರೀಕ್ಷೆಯ ಒತ್ತಡಗಳಿಂದಾಗಿ ಎರಡನೆಯ ಕರಡಿಗೆ ಸಮಯ ದೊರೆಯುವುದಿಲ್ಲ ಎಂಬುದು ಶಿಕ್ಷಕರ ಸಕಾರಣ ಆಕ್ಷೇಪ. ಪ್ರತಿ ಪ್ರಬಂಧಕ್ಕೂ ಈ ಕ್ರಮವನ್ನು ಅನುಸರಿಸಬೇಕಾಗಿಲ್ಲ. ವರ್ಷಕ್ಕೆ ಮೂರು ಅಥವಾ ನಾಲ್ಕು ಬರಹಗಳನ್ನು ಹೀಗೆ ಪೂರ್ಣವಾಗಿ ಬೆಳೆಸಿದರೂ ಅಭ್ಯಾಸ ಬೇರೂರುತ್ತದೆ. ಮನೆಯ ದುಃಖ ಅಥವಾ ಖಾಸಗಿ ಸಂಗತಿ ಇರುವ ಬರಹವನ್ನು ಹಂಚಿಕೊಳ್ಳುವಂತೆ ಯಾರನ್ನೂ ಒತ್ತಾಯಿಸಬಾರದು. ತನ್ನ ಬರಹವನ್ನು ಯಾರಿಗೆ ತೋರಿಸಬೇಕು, ಯಾವಾಗ ತೋರಿಸಬೇಕು ಎಂದು ನಿರ್ಧರಿಸುವ ಹಕ್ಕು ಬರೆದವರಿಗೆ ಸೇರಿದ್ದು. ಆ ಹಕ್ಕು ಭದ್ರವಾಗಿದೆಯೆಂದು ತಿಳಿದಾಗಲೇ ಅವರು ತೋರಿಸಲು ಮುಂದಾಗುತ್ತಾರೆ.